ಮಗಳಿಗೊಂದು ಪತ್ರ: ತುಕ್ಕು ಹಿಡಿದ ಫಿಯಟ್ಟಿನ ಲೆಕ್ಕ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ "ಅವ್ವಾ, ನಿಂಗೇನು ತಲಿ ಕೆಟ್ಟದೇನು?" ಅಂತ ನೀನು ಕೇಳಿದಾಗ ನಾನು ಸುಮ್ಮನಾದೆ. ಉತ್ತರ ಇರಲಿಲ್ಲ ಅಂತಲ್ಲ. ನಿಮ್ಮಪ್ಪ ಪಕ್ಕದಲ್ಲೇ ಪೇಪರ್ ಹಿಡಿದು, ಓದುವ ಹಾಗೆ ಮಾಡಿಕೊಂಡು ಕಿವಿಯೆಲ್ಲ ಇಲ್ಲೇ ಇಟ್ಟಿದ್ದರು. ಅವರ ಮುಂದೆ ಪೂರಾ ಲೆಕ್ಕ ಬಿಚ್ಚಿಡುವ ಧೈರ್ಯ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಕಾರು ತಗೊಂಡಿದ್ದೇನೆ. 1970ರ ಫಿಯಟ್ 1100 ಡಿಲೈಟ್. ನೀನು ಫೋಟೋ ನೋಡಿ ಪದ್ಮಿನಿ ಅಂದೆಯಲ್ಲ, ಗಾಡಿ ಅದೇ, ಆದರೆ ಪದ್ಮಿನಿ ಅನ್ನುವ ಹೆಸರು ಬಂದದ್ದು 1974ರಲ್ಲಿ. ಇದು ಅದಕ್ಕೂ ಮುಂಚಿನದು, ಮುಂಬೈಯ ಕುರ್ಲಾದಲ್ಲಿ ತಯಾರಾದದ್ದು. ಅಲ್ಲಿ ಕಪ್ಪು-ಹಳದಿ ಬಣ್ಣ ಬಳಿದುಕೊಂಡು 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಾಗಿ ಓಡಿದವು ಇದರ ತಂಗಿಯರೇ. ನಮ್ಮದರ ನಂಬರ್ ಎಂವೈ ಅಂತ ಶುರುವಾಗುತ್ತದೆ, ಮೈಸೂರು ರಾಜ್ಯದ ಕಾಲದ್ದು. ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ ಅಲ್ವಾ.

ಎಲ್ಲಿಂದ ಬಂತು ಅಂತ ನೀನು ಕೇಳಲೇ ಇಲ್ಲ, ಬರೀ ಬೈದೆ. ನಾನು ಲೆಕ್ಕ ಬರೆಯುತ್ತಿದ್ದ ಜಿನ್ನಿಂಗ್ ಮಿಲ್ಲಿನದು ಅದು, ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲು. ಸಾವ್ಕಾರರ ಕಾರು. 1991ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಆಗಲೇ ಅದಕ್ಕೆ ಇಪ್ಪತ್ತೊಂದು ವರ್ಷ. ಅದಕ್ಕೆ ಹಾಕಿಸಿದ ಒಂದೊಂದು ಲೀಟರ್ ಪೆಟ್ರೋಲು, ಒಂದೊಂದು ಪಂಕ್ಚರು, ಡ್ರೈವರಿನ ಚಹಾ ಖರ್ಚು ಸಮೇತ ಕಿರ್ದಿಯಲ್ಲಿ ಬರೆದವಳು ನಾನು. ಅಷ್ಟು ವರ್ಷದಲ್ಲಿ ಒಂದು ದಿನ ಅದರಲ್ಲಿ ಕೂತವಳಲ್ಲ. ರಾಜೇಂದ್ರ ಗಂಜಿನ ಹತ್ತಿರ ಮಳೆಯಲ್ಲಿ ಆಟೋಗೆ ಕಾಯುತ್ತಾ ನಿಂತಾಗ ನನ್ನ ಮುಂದೆಯೇ ಎಷ್ಟು ಸಲ ಹಾದು ಹೋಗಿದೆ. ಇದನ್ನು ದುಃಖ ಅಂತ ಹೇಳುತ್ತಿಲ್ಲ, ಆಗ ಹಾಗೇ ಇತ್ತು.

ಮಿಲ್ಲು ಮುಚ್ಚಿ ವರ್ಷಗಳಾದವು. ನನ್ನ ಎರಡು ತಿಂಗಳ ಪಗಾರ ಇವತ್ತಿಗೂ ಬಂದಿಲ್ಲ, ಗೊತ್ತಲ್ಲ. ಹೋದ ತಿಂಗಳು ಅಲ್ಲಿನ ಸಾಮಾನು ಹರಾಜಿಗೆ ಬಂತು. ಜಿನ್ ಮಷೀನು, ಮೋಟರು, ತೂಕದ ಕಾಟಾ, ಪತ್ರಾಸು, ಎಲ್ಲಕ್ಕೂ ಒಂದೊಂದು ನಂಬರು. ಪಟ್ಟಿಯ ಕೊನೆಗೆ "ಹಳೆ ಕಾರು, ತುಕ್ಕು ಹಿಡಿದದ್ದು, 1" ಅಂತ ಇತ್ತು. ನಾನು ಹೋದದ್ದು ಸುಮ್ನೆ ನೋಡಲಿಕ್ಕೆ. ನಿಜವಾಗಿ. ಆದರೆ ಹತ್ತು ಸಾವಿರ ಠೇವಣಿ ಕಟ್ಟಿ ಚೀಟಿ ತಗೊಂಡಿದ್ದೆ ಅಂತ ಹೇಳಿದರೆ ನೀನು ನಂಬುವುದಿಲ್ಲ, ಹಾಗಾಗಿ ಸುಮ್ನೆ ನೋಡಲಿಕ್ಕೆ ಅನ್ನುವುದನ್ನು ಹೊಡೆದು ಹಾಕು.

ಸವಾಲು ಕೂಗುವುದನ್ನು ನೋಡಬೇಕಿತ್ತು ನೀನು. ಗುಜರಿಯವರು ನಾಲ್ಕು ಜನ ಇದ್ದರು. ಅವರಿಗೆ ಕಾರು ಅಂದರೆ ಕಬ್ಬಿಣದ ತೂಕ. ಗಾಡಿ ಒಂಬತ್ತು ಕ್ವಿಂಟಲ್ ಹತ್ತಿರ ತೂಗುತ್ತದೆ, ಅದರಲ್ಲಿ ಗಾಜು, ಸೀಟು, ರಬ್ಬರು ಕಳೆದು ಉಳಿದದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ರೇಟು ಹಾಕಿ, ಕ್ರೇನಿನ ಖರ್ಚು ಕಳೆದು, ಮನಸ್ಸಿನಲ್ಲೇ ಗುಣಾಕಾರ ಮಾಡಿ ಇಪ್ಪತ್ತೆರಡು ಸಾವಿರಕ್ಕೆ ನಾಲ್ವರೂ ನಿಂತುಬಿಟ್ಟರು. ಅಲ್ಲಿಂದ ಮೇಲೆ ಉಳಿದದ್ದು ಇಬ್ಬರೇ. ನಾನು, ಮತ್ತೆ ಹೈದರಾಬಾದಿನಿಂದ ಬಂದಿದ್ದ ಒಬ್ಬ ಹಳೆ ಕಾರಿನ ವ್ಯಾಪಾರಿ. ಆತ ಬಗ್ಗಿ ಕೆಳಗೆ ನೋಡಿದ, ಒಂದು ಸ್ಕ್ರೂಡ್ರೈವರ್ ತಗೊಂಡು ಬಾಗಿಲ ಕೆಳಗಿನ ತಗಡಿಗೆ ಚುಚ್ಚಿದ, ಅದು ಹಪ್ಪಳದ ಹಾಗೆ ಒಳಗೆ ಹೋಯಿತು. ನಲವತ್ತೆರಡಕ್ಕೆ ಕೈ ಬಿಟ್ಟ. ನಾನು ನಲವತ್ಮೂರು ಅಂದೆ. ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಆಮೇಲೆ ಕೈ ಕಾಲು ತಣ್ಣಗಾದವು, ಅದು ಬೇರೆ ಮಾತು.

ಕೂಗಿದ್ದು 43,000. ತೆರಿಗೆ 7,740. ಏಳು ದಿನದೊಳಗೆ ಎತ್ತದಿದ್ದರೆ ದಿನದ ಬಾಡಿಗೆ ಬೀಳುತ್ತದೆ ಅಂದರು, ಕ್ರೇನು ಮತ್ತು ಲಾರಿಗೆ 3,500. ಮನೆ ಮುಂದೆ ಇಳಿಯುವಷ್ಟರಲ್ಲಿ 54,240. ಹರಾಜಿನಲ್ಲಿ ಬಾಯಿಂದ ಹೇಳುವ ದುಡ್ಡು ಬೇರೆ, ಕಟ್ಟುವ ದುಡ್ಡು ಬೇರೆ.

ಒಂದು ಕಡೆ ಮಾತ್ರ ನಾನು ಜಾಣತನ ಮಾಡಿದೆ, ಅದನ್ನು ಹೇಳಲೇಬೇಕು. ಅವರು ಬಿಲ್ಲಿನಲ್ಲಿ "ಗುಜರಿ" ಅಂತ ಬರೆಯಲಿಕ್ಕೆ ಹೊರಟಿದ್ದರು. ನಾನು ಬಿಡಲಿಲ್ಲ. ಗುಜರಿ ಅಂತ ಕಾಗದದಲ್ಲಿ ಬಿದ್ದರೆ ಆರ್‌ಟಿಒದಲ್ಲಿ ಹೆಸರು ಬದಲಾಯಿಸಲು ಹೋದಾಗ ಅದನ್ನೇ ತೋರಿಸಿ ವಾಪಸ್ ಕಳಿಸುತ್ತಾರೆ. "ಹಳೆ ಕಾರು" ಅಂತ ಬರೆಸಿ, ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ಓದಿ ಹಾಕಿಸಿ, ಸೀಲು ಹೊಡೆಸಿಕೊಂಡೇ ಎದ್ದೆ. ಕ್ಯೂನಲ್ಲಿ ಹಿಂದೆ ನಿಂತವರು ಬೈದರು. ಬೈಯಲಿ.

ಈಗ ತುಕ್ಕಿನ ವಿಷಯ. ರಾಯಚೂರಿನ ಬಿಸಿಲಿಗೆ ಕಾರು ಇಷ್ಟೊಂದು ತುಕ್ಕು ಹಿಡಿಯಬಾರದು, ಇದೇನು ಮಂಗಳೂರಾ. ಗಾಡಿಯ ತಗಡು ಕೆಲಸ ಮಾಡುವ ಟಿಂಕರ್ ಬಂದು ಎಡಗಡೆಯ ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆ ಥರದ ತಗಡು, ಅದನ್ನು ಒಂದು ಕಡೆ ಕತ್ತರಿಸಿ ಕೈ ಹಾಕಿದ. ಒಳಗಿನಿಂದ ಹತ್ತಿ ಬಂತು! ಮುಷ್ಟಿ ಮುಷ್ಟಿ ಹತ್ತಿ, ಬೀಜ ಸಮೇತ, ಕಂದು ಬಣ್ಣಕ್ಕೆ ತಿರುಗಿ ಒದ್ದೆ ಬಟ್ಟೆಯ ಹಾಗೆ ಗಟ್ಟಿಯಾದದ್ದು. ಮಿಲ್ಲಿನ ಗಾಳಿಯಲ್ಲಿ ಹಾರುವ ಹತ್ತಿಯ ಧೂಳು ನಲವತ್ತು ವರ್ಷ ತೂತುಗಳಲ್ಲಿ ಸೇರಿ ಸೇರಿ, ಶೆಡ್ಡು ಸೋರಿದ ನೀರನ್ನೆಲ್ಲ ಹೀರಿ ಕೂತಿತ್ತು. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಒಳಗೆ ಒಣಗಿಲ್ಲ. "ಅಕ್ಕಾರ, ಇದಕ್ಕ ತುಕ್ಕು ಹಿಡಿದಿಲ್ಲ, ಹತ್ತಿ ತಿಂದದ" ಅಂದ ಅವನು. ಅಂಗಳದಲ್ಲಿ ಒಂದು ಬುಟ್ಟಿ ತುಂಬಿತು. ನಿಮ್ಮಪ್ಪ ಅದನ್ನು ನೋಡಿ "ದಿಂಬು ಮಾಡಿಸ್ತೀಯೇನು" ಅಂತ ಕೇಳಿದರು, ಇಡೀ ವಾರದಲ್ಲಿ ಅವರು ಆಡಿದ ಒಂದೇ ಮಾತು.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ದುಡ್ಡೆಲ್ಲ ಹೋಗುವುದು ಅಲ್ಲೇ. ನೀನು ಫೋನಿನಲ್ಲಿ ಮೊದಲು ಕೇಳಿದ್ದು ಏನು? "ಎಂಜಿನ್ ಸ್ಟಾರ್ಟ್ ಆಗುತ್ತಾ?" ಅಂತ. ಎಲ್ಲರೂ ಅದನ್ನೇ ಕೇಳುತ್ತಾರೆ, ನಮ್ಮ ಬೀದಿಯ ಹುಡುಗರೂ ಅದನ್ನೇ ಕೇಳಿದರು. ಎಂಜಿನ್ ಬೇಕಾದರೆ ಬಿಚ್ಚಿ ಟೇಬಲ್ ಮೇಲೆ ಇಟ್ಟು ರಿಪೇರಿ ಮಾಡಬಹುದು. ಈ ಕಾರಿಗೆ ಜೀಪಿನ ಥರ ಕೆಳಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಅದರ ಎಲುಬು. ನೆಲದ ತಗಡು ಮತ್ತು ಎರಡು ಸಿಲ್ ಗಟ್ಟಿ ಇಲ್ಲದಿದ್ದರೆ ಜಾಕ್ ಹಾಕಿದ ಕೂಡಲೇ ಗಾಡಿ ನಡು ಮುರಿದ ಹಾಗೆ ಬಾಗುತ್ತದೆ, ಬಾಗಿಲು ಹಾಕಲಿಕ್ಕೆ ಬರುವುದಿಲ್ಲ. ಟಿಂಕರ್ ಹೇಳಿದ ಹಾಗೆ ಒಂದು ಕಡೆಯ ಸಿಲ್ ಪೂರಾ ಮುಗಿಸಿಯೇ ಇನ್ನೊಂದು ಕಡೆ ಕತ್ತರಿಸಬೇಕು, ಬಾಗಿಲಿನ ಜಾಗಕ್ಕೆ ಅಡ್ಡ ಒಂದು ಪೈಪು ಬೆಸುಗೆ ಹಾಕಿ ಇಟ್ಟುಕೊಳ್ಳಬೇಕು. ತೆಳು ತಗಡಿಗೆ ಕಡ್ಡಿ ವೆಲ್ಡಿಂಗ್ ಹಾಕಿದರೆ ತೂತು ಬೀಳುತ್ತದೆ, ಗ್ಯಾಸ್ ಬಿಡುತ್ತಾ ತೆಳು ತಂತಿಯಿಂದ ಹಾಕುವ ಸಿಒಟು ವೆಲ್ಡಿಂಗೇ ಬೇಕು. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತ ತಂದು ಬಾಡಿಯೆಲ್ಲ ಹಚ್ಚಿ ನೋಡಿದೆ. ಹಿಂದಿನ ಎರಡು ಚಕ್ರದ ಮೇಲೆ ಹಿಡಿಯಲೇ ಇಲ್ಲ, ಜಾರಿ ಬಿತ್ತು. ಅಲ್ಲಿ ತಗಡೇ ಇಲ್ಲ, ಯಾರೋ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಟಿಂಕರಿಂಗಿಗೆ 85,000 ಹೇಳಿದ್ದಾನೆ. "ಕೊರೆದ ಮ್ಯಾಲ ಗೊತ್ತಾಗೂದು ರೀ, ಮೂರನೇ ಪಾಲು ಜಾಸ್ತಿ ಇಟ್ಕೋರಿ" ಅಂತಾನೂ ಹೇಳಿದ್ದಾನೆ. ಮೊದಲೇ ಹೀಗೆ ಹೇಳಿದ ಅಂತಲೇ ಅವನ ಮೇಲೆ ನನಗೆ ನಂಬಿಕೆ.

ಎಂಜಿನ್ 1089 ಸಿಸಿ. ಹಿಡಿದುಕೊಂಡು ಬಿಟ್ಟಿತ್ತು, ಟಾಪ್ ಗೇರಿಗೆ ಹಾಕಿ ಮೂರು ಜನ ತಳ್ಳಿದರೂ ತಿರುಗಲಿಲ್ಲ. ಪ್ಲಗ್ ಬಿಚ್ಚಿ ನಾಲ್ಕೂ ತೂತಿಗೆ ಆಯಿಲ್ ಮತ್ತು ಡೀಸೆಲ್ ಬೆರೆಸಿ ಬಿಟ್ಟು ಆರು ದಿನ ಮುಟ್ಟಲಿಲ್ಲ. ಏಳನೇ ದಿನ ಸ್ವಲ್ಪ ಅಲುಗಾಡಿತು. ಮೇಸ್ತ್ರಿ ಖುಷಿಯಾಗಿ "ಬೋರ್ ಮಾಡಿಸಿಬಿಡೋಣ, ಮೂವತ್ತು ಸಾವಿರದೊಳಗ ಆಗ್ತದ" ಅಂದ. ಬೋರ್ ಅಂದರೆ ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಸರಿ ಮಾಡುವುದು. ಆಗ ನಾನು ಹೇಳಿದೆ: ಇದು 1996ರಲ್ಲಿ ಒಂದು ಸಲ, 2003ರಲ್ಲಿ ಇನ್ನೊಂದು ಸಲ ಬೋರ್ ಆಗಿದೆ, ವೋಚರ್ ಅಂಟಿಸಿದವಳು ನಾನೇ. ಅವನು ನನ್ನ ಮುಖ ನೋಡಿದ. ಎರಡು ಸಲ ಕೊರೆದ ಎಂಜಿನ್ ಬ್ಲಾಕಿನಲ್ಲಿ ಮತ್ತೆ ಕೊರೆಯಲಿಕ್ಕೆ ದಪ್ಪ ಉಳಿದಿರುವುದಿಲ್ಲ, ಸ್ಲೀವ್, ಅಂದರೆ ಒಳಗೆ ಹೊಸ ಕೊಳವೆ, ಹೊಡೆಸಬೇಕು. ಹಾಗಾಗಿ 48,000. ಬದಲಿಗೆ ಮಾರುತಿ ವ್ಯಾನಿನ ಎಂಜಿನ್ ಕೂರಿಸುತ್ತೇನೆ, ಅಗ್ಗ ಆಗುತ್ತದೆ ಅಂದ. ಬೇಡ ಅಂದೆ. ಹಾಗೆ ಮಾಡಿದರೆ ಅದು ಯಾವ ಕಾರೂ ಅಲ್ಲ, ಕಾಗದದಲ್ಲಿರುವ ಎಂಜಿನ್ ನಂಬರಿಗೂ ತಾಳೆ ಆಗುವುದಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬ್ರೇಕಿಗೆ 14,000, ನಾಲ್ಕೂ ಚಕ್ರಕ್ಕೆ ಡ್ರಮ್ಮೇ, ರಬ್ಬರೆಲ್ಲ ಬೆಲ್ಲದ ಹಾಗೆ ಕರಗಿದೆ. ರೇಡಿಯೇಟರ್, ಪೆಟ್ರೋಲ್ ಟ್ಯಾಂಕ್, ಕಾರ್ಬುರೇಟರ್ ತೊಳೆಸಲು 9,500. ವೈರಿಂಗ್ ಇಲಿ ತಿಂದಿದೆ, ಬ್ಯಾಟರಿ ಸೇರಿ 16,000. ಐದು ಟೈರಿಗೆ 21,000. ಬಣ್ಣಕ್ಕೆ 60,000, ಸೀಟು ಮತ್ತು ಬೀಡಿಂಗಿಗೆ 28,000. ಆರ್‌ಟಿಒ ಕಾಗದಕ್ಕೆ 25,000 ಇಟ್ಟಿದ್ದೇನೆ. ಎಲ್ಲ ಕೂಡಿದರೆ 3,06,500, ಕಾರು ಮನೆಗೆ ತಂದ ಖರ್ಚು 54,240 ಸೇರಿದರೆ 3,60,740. ಆ ಹೈದರಾಬಾದಿನವನಿಗೆ ಫೋನ್ ಮಾಡಿ, ಪೂರಾ ರೆಡಿ ಮಾಡಿದರೆ ಎಷ್ಟಕ್ಕೆ ತಗೋತೀಯಪ್ಪ ಅಂತ ಕೇಳಿದೆ. ಎರಡೂವರೆ ಲಕ್ಷ ಅಂದ. ನೋಡು, ನಿನ್ನಿಂದ ಏನೂ ಮುಚ್ಚಿಡುತ್ತಿಲ್ಲ. ಲಕ್ಷಕ್ಕೂ ಮೇಲೆ ನಷ್ಟ. ಲಾಭ ಬರುತ್ತದೆ ಅಂತ ನಾನೆಲ್ಲೂ ಹೇಳಿಲ್ಲ, ಯಾರಾದರೂ ನಿನಗೆ ಹಾಗೆ ಹೇಳಿದರೆ ಅವರು ಹಳೆ ಕಾರು ಮಾರುವವರೇ ಆಗಿರುತ್ತಾರೆ.

ಅದಕ್ಕೇ ನಾನು ಬಣ್ಣ ಮತ್ತು ಸೀಟು ಎರಡನ್ನೂ ಹೊಡೆದು ಹಾಕಿದ್ದೇನೆ. ತಗಡು ಗಟ್ಟಿಯಾದ ಕಡೆ ರೆಡ್ ಆಕ್ಸೈಡ್ ಬಳಿದು ಹಾಗೇ ಬಿಡುವುದು, ಸೀಟಿನ ಮೇಲೆ ಕೌದಿ ಹಾಕುವುದು. ಉಳಿಯುವ ಖರ್ಚು 2,18,500. ನನ್ನ ಎಫ್‌ಡಿ ಇರುವುದು ಎರಡೂವರೆ ಲಕ್ಷ, ಅಂದರೆ ಟಿಂಕರ್ ಹೇಳಿದ ಮೂರನೇ ಪಾಲಿಗೂ ಸಾಲುತ್ತದೆ. ಅದರ ಮೇಲೆ ಒಂದು ರೂಪಾಯಿ ಇಲ್ಲ. ಬ್ಲಾಕ್ ಸೀಳಿದೆ ಅಂತ ಲೇತಿನವನು ಹೇಳಿದರೆ ಅಲ್ಲಿಗೇ ನಿಲ್ಲಿಸಿ, ಇದ್ದ ಹಾಗೇ ಮಾರುತ್ತೇನೆ. ಇದನ್ನು ನಿಮ್ಮಪ್ಪನಿಗೂ ಬರೆದು ಕೊಟ್ಟಿದ್ದೇನೆ, ಸಹಿ ಹಾಕಿ.

ಕಾಗದದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, 20,000 ಶುಲ್ಕ, ಹತ್ತು ವರ್ಷ ನಡೆಯುತ್ತದೆ, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ನಿಮ್ಮಪ್ಪನಿಗೆ ಆ ಪ್ಲೇಟಿನ ಮೇಲೆ ಆಸೆ. ಆದರೆ ಹಾಗೆ ಮಾಡಿದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ ರಸ್ತೆಗೆ ತರಬೇಕು. ಮಂತ್ರಾಲಯಕ್ಕೆ ಹೋಗಿ ಬರುತ್ತೇನೆ ಅಂದರೆ ಆಗುವುದಿಲ್ಲ. ಮಾಮೂಲಿ ಆರ್‌ಸಿ ನವೀಕರಣ ಮಾಡಿಸಿದರೆ ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ ಹತ್ತು ಸಾವಿರ, ಐದೈದು ವರ್ಷಕ್ಕೆ ಮತ್ತೆ ಮತ್ತೆ, ಮೇಲೆ ಹಳೆ ಗಾಡಿಗೆ ಹಾಕುವ ಹಸಿರು ತೆರಿಗೆ, ಹಳೆ ಬಾಕಿಯ ದಂಡ. ಜಾಸ್ತಿಯೇ ಬೀಳಬಹುದು. ಆದರೂ ನನಗೆ ಅದೇ ಬೇಕು. ಇಷ್ಟು ವರ್ಷ ಹೊರಗೆ ನಿಂತು ನೋಡಿದ್ದು ಸಾಲದೇನು, ಈಗ ಮತ್ತೆ ನಿಲ್ಲಿಸಿ ನೋಡಲಿಕ್ಕೆ?

ನಿನ್ನಿಂದ ದುಡ್ಡು ಬೇಡ. ಒಂದು ಕೆಲಸ ಮಾಡು. ಭಾನುವಾರ ಬಿಟ್ಟು ಬೇರೆ ದಿನ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕಿಟ್, ವೀಲ್ ಸಿಲಿಂಡರ್ ರಬ್ಬರು ಸಿಗುತ್ತದಾ ನೋಡು. ಹಳೆಯದನ್ನು ಡಬ್ಬಿಯಲ್ಲಿ ಹಾಕಿ ಬಸ್ಸಿಗೆ ಕಳಿಸಿದ್ದೇನೆ, ಅದನ್ನು ತೋರಿಸಿ ಅಳತೆ ಹಚ್ಚಿಯೇ ತಗೋ. ಪದ್ಮಿನಿದೇ ಬರುತ್ತದೆ ಅಂತ ಅಂಗಡಿಯವನು ಹೇಳಿದರೆ ತಲೆ ಆಡಿಸಬೇಡ, ಅಳತೆ ನೋಡು. ಬಿಲ್ಲು ಬೇಕೇ ಬೇಕು, ವೋಚರಿಗೆ ಅಂಟಿಸಬೇಕು. ಡಬ್ಬಿಯ ಕೆಳಗೆ ಶೇಂಗಾ ಚಟ್ನಿ ಪುಡಿ ಇದೆ, ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿದ್ದೇನೆ, ಗ್ರೀಸ್ ವಾಸನೆ ಬಂದರೆ ನನ್ನನ್ನು ಬೈಯಬೇಡ.

ಟಿಂಕರ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ತಗಡು ತರಲಿಕ್ಕೆ ದುಡ್ಡು ಕೊಡಬೇಕು. ಮೊದಲು ಬಲಗಡೆ ಕೊಯ್ಯಲಾ ಅಂತ ಕೇಳುತ್ತಿದ್ದಾನೆ, ಎಡಗಡೆ ಇನ್ನೂ ಅರ್ಧ ಬಾಕಿ ಇಟ್ಟುಕೊಂಡು! ಹೋಗಿ ನೋಡುತ್ತೇನೆ.

ನಿನ್ನ ಅವ್ವ
ರಾಯಚೂರು