ಶಾಕ್ ಅಬ್ಸಾರ್ಬರ್ ಕೊಳ್ಳುವ ಮುನ್ನ ಅದರ ಉದ್ದ ಕೇಳಿ

ಮಾನ್ಯ ಸಂಪಾದಕರೇ,

ಕಾರನ್ನು ತಗ್ಗಿಸಲು ಗಿಡ್ಡ ಸ್ಪ್ರಿಂಗ್ ಹಾಕಿಸುವವರಲ್ಲಿ ಬಹಳ ಮಂದಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಳ್ಳುತ್ತಾರೆ. ಅದು ಎಣ್ಣೆ ಸೋರತೊಡಗಿದಾಗ ಅಂಗಡಿಯಲ್ಲಿ ಕಾರಿನ ಮಾಡೆಲ್ ಹೇಳಿ, ಮೂಲ ಅಳತೆಯ ಇನ್ನೊಂದು ಜೊತೆ ತರುತ್ತಾರೆ. ಅದೂ ಬೇಗ ಹಾಳಾದರೆ ಬೈಗುಳವೆಲ್ಲ ಬ್ರ್ಯಾಂಡಿಗೆ. ನಿಜವಾಗಿ ಎಡವಿದ್ದು ಆಯ್ಕೆಯಲ್ಲಿ.

ಕಾರು 35 ಮಿ.ಮೀ. ತಗ್ಗಿತೆಂದರೆ, ಮುಂದಿನ ಸ್ಟ್ರಟ್‌ನ (ಶಾಕ್ ಮತ್ತು ಸ್ಪ್ರಿಂಗ್ ಒಂದಾಗಿರುವ ಜೋಡಣೆಯ) ರಾಡ್ ಕಾರು ಸುಮ್ಮನೆ ನಿಂತಿರುವಾಗಲೇ ಹೆಚ್ಚುಕಡಿಮೆ ಅಷ್ಟು ಒಳಗೆ ಹೋಗಿರುತ್ತದೆ. ಬಂಪ್ ಸ್ಟಾಪ್ (ಕೊನೆಯ ಹೊಡೆತ ತಡೆಯುವ ರಬ್ಬರ್) ತಾಗಲು ಮೊದಲು 60 ಮಿ.ಮೀ. ಜಾಗವಿದ್ದರೆ ಈಗ ಉಳಿದದ್ದು 25. ಸಣ್ಣ ಗುಂಡಿಗೂ ರಬ್ಬರ್ ಜಜ್ಜುತ್ತದೆ. ಆ ರಬ್ಬರ್ ಪುಡಿಯಾದ ಮೇಲೆ ಪಿಸ್ಟನ್ ನೇರವಾಗಿ ತಳದ ವಾಲ್ವಿಗೆ ಹೊಡೆಯಬಹುದು. ಹಾಗಾದರೆ ಶಾಕ್ ಮುಗಿದಂತೆಯೇ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ತಗ್ಗಿಸುವ ಸ್ಪ್ರಿಂಗ್ ಸಾಮಾನ್ಯವಾಗಿ ಮೂಲದ್ದಕ್ಕಿಂತ ಗಡುಸು. ಕುಗ್ಗಿದ ಸ್ಪ್ರಿಂಗ್ ವಾಪಸ್ ಚಿಮ್ಮುವಾಗ ಅದನ್ನು ಹಿಡಿದು ನಿಧಾನಿಸುವುದು ಶಾಕ್‌ನ ರಿಬೌಂಡ್ ಕೆಲಸ. ಸ್ಪ್ರಿಂಗ್ 30 ಶೇಕಡಾ ಗಡುಸಾದರೆ, ಮೊದಲಿನಷ್ಟೇ ಹಿಡಿತಕ್ಕೆ ಡ್ಯಾಂಪಿಂಗ್ (ಶಾಕ್ ಕೊಡುವ ತಡೆ) ಸುಮಾರು 14 ಶೇಕಡಾ ಹೆಚ್ಚಬೇಕು, ಏಕೆಂದರೆ ಅದು ಗಡಸುತನದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಇದು ಸಣ್ಣ ಅಂತರ. ಹಾಗಾಗಿ ‘ಅತಿ ಗಡುಸು ಶಾಕ್ ಕೊಡಿ’ ಎನ್ನುವುದೂ ಸರಿಯಲ್ಲ. ರಿಬೌಂಡ್ ಮಿತಿಮೀರಿದರೆ ಸಾಲಾಗಿ ಬರುವ ಉಬ್ಬುಗಳ ನಡುವೆ ಚಕ್ರಕ್ಕೆ ಕೆಳಗಿಳಿಯಲು ಸಮಯ ಸಿಗದೆ ಕಾರು ಹಂತಹಂತವಾಗಿ ಕುಸಿದು, ಮತ್ತೆ ಬಂಪ್ ಸ್ಟಾಪ್ ಮೇಲೆಯೇ ಕೂರುತ್ತದೆ.

ಉದಾಹರಣೆಗೆ ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ4 ಮೂಲ ಶಾಕ್‌ಗೆ ಬದಲಿ, ಬಿ6 ಮೂಲ ಸ್ಪ್ರಿಂಗ್‌ಗೆ ಒಪ್ಪುವ ಉದ್ದದ್ದೇ ಆದರೂ ಹೆಚ್ಚು ಬಿಗಿ, ಬಿ8 ತಗ್ಗಿಸಿದ ಕಾರಿಗೆಂದೇ ಗಿಡ್ಡವಾಗಿ ಮಾಡಿದ್ದು. ನನ್ನ ಅಭಿಪ್ರಾಯದಲ್ಲಿ 20 ಮಿ.ಮೀ. ಒಳಗಿನ ಇಳಿಕೆಗೆ ಮೂಲ ಉದ್ದದ ಬಿಗಿ ಶಾಕ್ ನಡೆಯುತ್ತದೆ, 30 ದಾಟಿದರೆ ಗಿಡ್ಡದ್ದೇ ಬೇಕು. ಎರಡರ ನಡುವೆ ಇದ್ದರೆ ಅಳೆದೇ ತೀರ್ಮಾನಿಸಬೇಕು. ಸ್ಪ್ರಿಂಗ್‌ನ ನಿಖರ ಬಿಗಿತ ಗೊತ್ತಿಲ್ಲದವರಿಗೆ ಕೋನಿ ಕಂಪನಿಯ ಹಳದಿ ಶಾಕ್‌ನಂಥ, ರಿಬೌಂಡ್ ತಿರುಗಿಸಿ ಹೊಂದಿಸಬಹುದಾದವು ಒಳ್ಳೆಯವು. ಕೆಲವು ಮಾಡೆಲ್‌ಗಳಲ್ಲಿ ಅದಕ್ಕಾಗಿ ಶಾಕನ್ನು ಪೂರ್ತಿ ಕಳಚಬೇಕಾಗುತ್ತದೆ, ಕೇಳಿ ತಿಳಿದುಕೊಳ್ಳಿ.

ಅಳೆಯುವುದು ಕಷ್ಟವಲ್ಲ. ಧೂಳಿನ ಕವಚವನ್ನು ಮೇಲೆ ಸರಿಸಿ ರಾಡಿನ ಬುಡಕ್ಕೆ, ಸೀಲಿಗೆ ತಾಗುವಂತೆ ಒಂದು ನೈಲಾನ್ ಟೈ ಕಟ್ಟಿ, ದಿನವೂ ಹೋಗುವ ದಾರಿಯಲ್ಲೇ ಓಡಿಸಿ. ಟೈ ಸರಿದು ನಿಂತ ಕಡೆಯಿಂದ ಬಂಪ್ ಸ್ಟಾಪ್‌ವರೆಗಿನ ಅಂತರವೇ ನಿಮಗೆ ಉಳಿದಿರುವ ಜಾಗ. ಟೈ ರಬ್ಬರಿನವರೆಗೂ ಹೋಗಿದ್ದರೆ ಗಿಡ್ಡ ಶಾಕ್ ಬೇಕೆಂಬ ಉತ್ತರ ಅಲ್ಲೇ ಇದೆ. ತಲೆಕೆಳಗಾಗಿ ಕೂರುವ ಮೋನೋಟ್ಯೂಬ್ (ಒಂದೇ ಕೊಳವೆಯ) ಸ್ಟ್ರಟ್‌ನಲ್ಲಿ ರಾಡ್ ಕಾಣದ ಕಾರಣ ಈ ಉಪಾಯ ನಡೆಯದು. ಆಮೇಲೆ ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗನ್ನು ಕೈಯಿಂದ ಅಲುಗಾಡಿಸಿ. ಸಡಿಲವಾಗಿದ್ದರೆ ಆ ಸ್ಪ್ರಿಂಗ್‌ಗೆ ಶಾಕ್ ಉದ್ದವಾಯಿತು. ಓಡುವಾಗ ಸ್ಪ್ರಿಂಗ್ ತನ್ನ ತಟ್ಟೆಯಿಂದ ಜಾರಬಹುದು.

ಜೋಡಿಸುವಾಗ ಆಗುವ ಹಾನಿಯೂ ಕಡಿಮೆಯೇನಲ್ಲ. ರಾಡನ್ನು ಪ್ಲೈಯರ್‌ನಲ್ಲಿ ಹಿಡಿದರೆ ಬೀಳುವ ಗೀರು ಸೀಲನ್ನು ಕೊಯ್ಯುತ್ತದೆ. ಟ್ವಿನ್‌ಟ್ಯೂಬ್ (ಒಂದರೊಳಗೊಂದು ಕೊಳವೆ ಇರುವ) ಶಾಕನ್ನು ನೇರವಾಗಿ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಗಾಳಿ ತೆಗೆದೇ ಹಾಕಬೇಕು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯದಾಗಿ ಬಿಗಿಯಬೇಕು. ಜ್ಯಾಕ್ ಮೇಲಿರುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಶಾಕ್‌ಗಳನ್ನು ಒಂದು ಆಕ್ಸಲ್‌ಗೆ ಜೋಡಿಯಾಗಿಯೇ ಬದಲಿಸಿ, ಸವೆದ ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ಮತ್ತು ಬಂಪ್ ಸ್ಟಾಪನ್ನೂ ಸೇರಿಸಿ. ಬಂಪ್ ಸ್ಟಾಪ್ ಕತ್ತರಿಸುವುದಾದರೆ ಸ್ಪ್ರಿಂಗ್ ತಯಾರಕರು ಹೇಳಿದಷ್ಟೇ ಕತ್ತರಿಸಿ, ಪೂರ್ತಿ ತೆಗೆಯಬೇಡಿ. ಕೊನೆಗೆ ವೀಲ್ ಅಲೈನ್‌ಮೆಂಟ್.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೊಳ್ಳುವವರು ಅಂಗಡಿಯಲ್ಲಿ ಊಹೆ ಮಾಡಬೇಕಾಗುತ್ತದೆ, ಏಕೆಂದರೆ ಎಷ್ಟೋ ಡಬ್ಬಿಗಳ ಮೇಲೆ ಪಾರ್ಟ್ ನಂಬರ್ ಬಿಟ್ಟು ಅಳತೆ ಇರುವುದಿಲ್ಲ. ಪೂರ್ತಿ ಒತ್ತಿದಾಗಿನ ಉದ್ದ, ಪೂರ್ತಿ ಎಳೆದಾಗಿನ ಉದ್ದ, ಸ್ಟ್ರಟ್ ಆದರೆ ಸ್ಪ್ರಿಂಗ್ ತಟ್ಟೆಯ ಎತ್ತರ, ಇವನ್ನು ತಯಾರಕರು ಡಬ್ಬಿಯ ಮೇಲೆಯೇ ಮುದ್ರಿಸಬೇಕು. ಮಾರುವವರೂ ಕಾರಿನ ಮಾಡೆಲ್ ಜೊತೆಗೆ ‘ಸ್ಪ್ರಿಂಗ್ ಮೂಲದ್ದೋ, ಎಷ್ಟು ತಗ್ಗಿಸಿದ್ದೀರಿ?’ ಎಂದು ಕೇಳುವ ರೂಢಿ ಮಾಡಿಕೊಳ್ಳಬೇಕೆಂದು ವಿನಂತಿ.

ಇಂತಿ,
ಒಬ್ಬ ಮೆಕ್ಯಾನಿಕ್