ಅಕ್ಷರಗಳನ್ನು ಹಡಗು ಹತ್ತಿಸಿದವರು

ಪ್ರೀತಿಯ ಮಂಜು,

‘ಎಬಿಸಿಡಿ ಯಾರು ಮಾಡಿದ್ದು ಮಾಮ?’ ಅಂತ ನಿನ್ನ ಮಗಳು ಫೋನಿನಲ್ಲಿ ಕೇಳಿದಾಗ, ಪತ್ರ ಬರೆದು ಹೇಳುತ್ತೇನೆ ಅಂದಿದ್ದೆ. ಇಗೋ ಬರೆಯುತ್ತಿದ್ದೇನೆ. ನೀನೂ ಓದು, ಅವಳಿಗೂ ಓದಿ ಹೇಳು.

ಮೊದಲು ಒಂದು ಹಾಳೆಯ ಮೇಲೆ ‘ಎ’ ಅಕ್ಷರವನ್ನು ದೊಡ್ಡದಾಗಿ ಬರೆದು ಹಾಳೆ ತಲೆಕೆಳಗಾಗಿ ಹಿಡಿ. ಮೇಲೆ ಎರಡು ಕೊಂಬು, ಕೆಳಗೆ ಚೂಪು ಮೂತಿ. ಅದು ಎತ್ತಿನ ತಲೆ. ಈ ಅಕ್ಷರಗಳು ನಮಗೆ ಬಂದದ್ದು ಫಿನೀಷಿಯನ್ನರೆಂಬ ಹಳೆಯ ಕಾಲದ ಕಡಲ ವರ್ತಕರಿಂದ. ಅವರ ಮೊದಲ ಅಕ್ಷರ ಆಲೆಫ್, ಹಾಗೆಂದರೆ ಎತ್ತು. ‘ಎಂ’ ನೀರಿನ ಅಲೆ, ‘ಓ’ ಕಣ್ಣು. ಈ ಚಿತ್ರಗಳನ್ನು ಮೊದಲು ಗೀಚಿದವರು ಫಿನೀಷಿಯನ್ನರಲ್ಲ, ಅವರಿಗಿಂತ ನೂರಾರು ವರ್ಷ ಹಿಂದಿನವರು. ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನವರು ನೀಲಿಹರಳು ತೆಗೆಯುತ್ತಿದ್ದ ಗಣಿಗಳ ಬಳಿ ಇಂಥ ಬರಹಗಳನ್ನು 1905ರಲ್ಲಿ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಕಂಡರು. ಅಲ್ಲಿ ಹುಟ್ಟಿದ್ದನ್ನು ತಿದ್ದಿ, 22 ಅಕ್ಷರಗಳಿಗೆ ನಿಲ್ಲಿಸಿ, ಹಡಗಿನಲ್ಲಿ ಊರೂರಿಗೆ ಒಯ್ದವರು ಫಿನೀಷಿಯನ್ನರ ಊರುಗಳಾದ ಟೈರ್, ಸಿಡಾನ್, ಬಿಬ್ಲೋಸಿನ ವರ್ತಕರು.

ಈಗಿನ ಲೆಬನಾನಿನ ಕರಾವಳಿ ಅವರ ನಾಡು. ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು, ನಡುವೆ ಉಳುಮೆಗೆ ಸಿಗುವುದು ಕಿರಿದಾದ ಪಟ್ಟಿ. ಬೆಟ್ಟದ ಮೇಲಿನ ದೇವದಾರು ಜಾತಿಯ ಮರವೇ ಬಂಡವಾಳ. ಕ್ರಿ.ಪೂ. 11ನೆಯ ಶತಮಾನದ ಸುಮಾರಿನ ಕಥೆಯೊಂದು ಈಜಿಪ್ಟಿನ ಪಪೈರಸ್ ಹಾಳೆಯಲ್ಲಿ ಉಳಿದಿದೆ. ದೇವರ ದೋಣಿಗೆ ಮರ ಬೇಕೆಂದು ವೆನಾಮುನ್ ಎಂಬ ಅರ್ಚಕ ಬಿಬ್ಲೋಸಿಗೆ ಬರುತ್ತಾನೆ. ಅಲ್ಲಿನ ಅರಸ ಜಕರ್‌ಬಾಲ್ ಪುಕ್ಕಟೆ ಕೊಡಲು ಒಪ್ಪುವುದಿಲ್ಲ. ಅಪ್ಪ ಅಜ್ಜಂದಿರ ಕಾಲದ ಲೆಕ್ಕದ ಪುಸ್ತಕ ತರಿಸಿ, ಹಿಂದೆ ಈಜಿಪ್ಟ್ ಎಷ್ಟು ಬೆಳ್ಳಿ ಕೊಟ್ಟಿತ್ತು ಅಂತ ಎದುರಿಗೇ ಓದಿಸುತ್ತಾನೆ! ಕೊನೆಗೆ ಮರಕ್ಕೆ ಬದಲಾಗಿ ಈಜಿಪ್ಟಿನಿಂದ ಬಂದ ಸರಕಿನಲ್ಲಿ ಚಿನ್ನ ಬೆಳ್ಳಿಯ ಜೊತೆ 500 ಸುರುಳಿ ಪಪೈರಸ್ಸೂ ಇತ್ತು. ಬರೆಯುವ ಹಾಳೆಯನ್ನೇ ಬೆಲೆಯಾಗಿ ತೆಗೆದುಕೊಂಡ ಊರು ಅದು. ನನಗೆ ಈ ಜನರ ಮೇಲೆ ಮನಸ್ಸು ನಿಂತಿದ್ದು ಇಲ್ಲಿಯೇ. ಈಜಿಪ್ಟಿನ ಚಿತ್ರಲಿಪಿಗೂ ಬ್ಯಾಬಿಲೋನಿನ ಬೆಣೆಲಿಪಿಗೂ ನೂರಾರು ಗುರುತು ಕಲಿಯಬೇಕು, ಅದಕ್ಕೆ ವರ್ಷಗಟ್ಟಲೆ ಗುರುವಿನ ಮುಂದೆ ಕೂರಬೇಕು. 22 ಅಕ್ಷರವಾದರೆ ಹಡಗಿನ ಹುಡುಗನೂ ಕಲಿತಾನು.

ಆದರೆ ಅವರ ಲಿಪಿಯಲ್ಲಿ ಸ್ವರಗಳಿಲ್ಲ. ಕನ್ನಡವನ್ನು ಹಾಗೆ ಬರೆದರೆ ಮರ, ಮಾರಿ, ಮೂರು, ಮೋರೆ ಎಲ್ಲವೂ ‘ಮ್‌ರ್’. ಅವರ ಭಾಷೆಯಲ್ಲಿ ಪದದ ತಿರುಳು ವ್ಯಂಜನಗಳಲ್ಲೇ ಇರುವುದರಿಂದ ನಡೆದುಹೋಗುತ್ತಿತ್ತು. ಗ್ರೀಕರಿಗೆ ಅದು ಸಾಲಲಿಲ್ಲ. ಕ್ರಿ.ಪೂ. 8ನೆಯ ಶತಮಾನದ ಹೊತ್ತಿಗೆ ಅವರು, ತಮ್ಮ ಬಾಯಲ್ಲಿ ಇಲ್ಲದ ವ್ಯಂಜನಗಳ ಗುರುತುಗಳನ್ನು ಸ್ವರಗಳಿಗೆ ಹಚ್ಚಿದರು. ಆಲೆಫ್ ‘ಆ’ ಆಯಿತು, ಕಣ್ಣು ‘ಓ’ ಆಯಿತು. ಅಥೆನ್ಸಿನಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 740ರ ಒಂದು ಹೂಜಿಯ ಮೇಲೆ ಏನು ಬರೆದಿದೆ ಗೊತ್ತೇ? ಇಲ್ಲಿ ಕುಣಿಯುವವರಲ್ಲಿ ಯಾರ ಕುಣಿತ ಎಲ್ಲರಿಗಿಂತ ಚೆಂದವೋ ಅವರಿಗೆ ಇದು, ಅಂತ. ವರ್ತಕರು ತಂದ ಲಿಪಿಯಲ್ಲಿ ಪದ್ಯ! ಗ್ರೀಕರಿಂದ ಇಟಲಿಯ ಎಟ್ರಸ್ಕನ್ನರಿಗೆ, ಅವರಿಂದ ರೋಮಿಗೆ, ಅಲ್ಲಿಂದ ನಿನ್ನ ಮಗಳ ಪುಸ್ತಕಕ್ಕೆ ಬಂತು.

ಕಡಲ ಬಸವನಹುಳುವಿನಿಂದ ತೆಗೆದ ಫಿನೀಷಿಯನ್ನರ ನೇರಳೆ ಬಣ್ಣವೂ ಹೆಸರುವಾಸಿ. 1909ರಲ್ಲಿ ಒಬ್ಬ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ಪಡೆದದ್ದು ಬರೀ 1.4 ಗ್ರಾಂ. ರಾಜರು ಮಾತ್ರ ಉಡಬಲ್ಲ ಬಟ್ಟೆಯಾಗಿದ್ದು ಸುಮ್ಮನೆ ಅಲ್ಲ.

ಟೈರಿನವರು ಆಫ್ರಿಕದ ದಡದಲ್ಲಿ ಕಟ್ಟಿದ ಕಾರ್ತೇಜಿನ ವಿಷಯ ಬರೆಯುವಾಗ ಸಂಕಟವಾಗುತ್ತದೆ. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ಸುಟ್ಟು ಕೆಡವಿದರು. ಅಲ್ಲಿನ ಗ್ರಂಥಭಂಡಾರಗಳನ್ನು ಸುತ್ತಲಿನ ಅರಸರಿಗೆ ಹಂಚಿ, ಬೇಸಾಯದ ಬಗ್ಗೆ ಮಾಗೊ ಎಂಬುವನು ಬರೆದ 28 ಸಂಪುಟಗಳನ್ನು ಮಾತ್ರ ಲ್ಯಾಟಿನ್ನಿಗೆ ಅನುವಾದಿಸಿಕೊಂಡರು. ಅದರಲ್ಲೂ ನಮಗೆ ಉಳಿದದ್ದು ಬೇರೆಯವರು ಎತ್ತಿ ಬರೆದ ತುಣುಕುಗಳಷ್ಟೇ. ಪಪೈರಸ್ ಆ ಹವೆಯಲ್ಲಿ ಬಾಳುವುದೂ ಇಲ್ಲ. ಹೀಗಾಗಿ ಫಿನೀಷಿಯನ್ನರ ಹಾಡು, ಕಥೆ, ಕಡಲಯಾನದ ಬರಹ ಯಾವುದೂ ಅವರದೇ ಭಾಷೆಯಲ್ಲಿ ನಮ್ಮ ಕೈಗೆ ಬರಲಿಲ್ಲ. ಅವರ ವಿಷಯ ಬಹುಪಾಲು ಗ್ರೀಕರು, ರೋಮನ್ನರು ಹೇಳಿದಂತೆ ಕೇಳಬೇಕು. ಆ ಇಬ್ಬರೂ ಅವರೊಡನೆ ಕಾದಾಡಿದವರು.

ಇನ್ನು ನಮ್ಮ ಕಡೆಯ ಸುದ್ದಿ. ಫಿನೀಷಿಯನ್ ಲಿಪಿಯ ಇನ್ನೊಂದು ಕವಲು ಅರಾಮಿಕ್. ಪರ್ಷಿಯನ್ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಕೆಯಾಗಿ ಅದು ಗಾಂಧಾರದವರೆಗೆ ಬಂತು, ಅಲ್ಲಿ ಅದರಿಂದ ಖರೋಷ್ಠಿ ಎಂಬ ಲಿಪಿ ಹುಟ್ಟಿತು. ಬ್ರಾಹ್ಮಿ ಲಿಪಿಯ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಅದನ್ನು ಬಿಡು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನವಿದೆಯಲ್ಲ, ಅದನ್ನು ಬರೆದವನು ಚಪಡ. ಇಡೀ ಶಾಸನವನ್ನೂ ತನ್ನ ಹೆಸರನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಬಿಬ್ಲೋಸಿನ ಅಕ್ಷರಗಳ ದೂರದ ನಂಟರು ಚಿತ್ರದುರ್ಗದ ಬಂಡೆಯ ಮೇಲಿದ್ದಾರೆ, ಮಂಜು!

ದೀಪಾವಳಿಗೆ ಬರುವಾಗ ಎರಡು ದಿನ ರಜೆ ಹೆಚ್ಚಿಗೆ ಹಾಕು. ಜಟಿಂಗ ರಾಮೇಶ್ವರ ಬೆಟ್ಟವೂ ಅಲ್ಲೇ ಹತ್ತಿರ, ಅಲ್ಲೂ ಚಪಡ ಬರೆದದ್ದಿದೆ. ಬೆಳಿಗ್ಗೆ ಬೇಗ ಹೊರಟು ಎರಡನ್ನೂ ನೋಡಿ ಬರೋಣ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಗೆಳೆಯ