ಹಲಗೆಗೆ ಸರಿಯಲು ಜಾಗ ಬಿಡು

ಸೋಮವಾರಪೇಟೆ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಇಷ್ಟು ವರ್ಷ ಮೇಜಿನ ಹಲಗೆಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಚೌಕಟ್ಟಿಗೆ ಕೂರಿಸಿದ್ದೇ ತಪ್ಪು ಅಂತ ಈಗ ಗೊತ್ತಾಯ್ತು ಅಂದಿದ್ದೀಯ. ಕಲಿಸಿದ ಮೇಸ್ತ್ರಿಯ ಮೇಲೆ ಸಿಟ್ಟೂ ಬಂದ ಹಾಗಿದೆ. ಆ ಸಿಟ್ಟು ಬಿಡು. ಅವರು ಜಾಸ್ತಿ ಮಾಡಿದ್ದು ಪ್ಲೈವುಡ್ ಕೆಲಸ. ಅದರಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ ಇರುತ್ತದೆ. ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ, ಎಷ್ಟು ಬಿಗಿದರೂ ನಡೆಯುತ್ತದೆ. ಅದೇ ಅಭ್ಯಾಸವನ್ನು ನೀನು ಗಟ್ಟಿ ಮರಕ್ಕೂ ತಂದೆ, ಅಷ್ಟೆ.

ಮರದ ಹಲಗೆ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಮೂರಡಿ ಅಗಲದ ಮೇಜು ಮಳೆಗಾಲಕ್ಕೂ ಬೇಸಿಗೆಗೂ ಕಾಲು ಇಂಚು ವ್ಯತ್ಯಾಸ ತೋರಿಸಬಹುದು. ನಿನ್ನ ಕುಶಾಲನಗರವೇನೋ ಒಣ ಸೀಮೆ. ಭಾಗಮಂಡಲದಲ್ಲಿ ಕಕ್ಕಡ ತಿಂಗಳ ಜಡಿಮಳೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರ ಸುಮ್ನೆ ಇರುತ್ತಾ? ಮಳೆಯಲ್ಲಿ ಉಬ್ಬಿದ ಹಲಗೆ ಮಾರ್ಚ್‌ನಲ್ಲಿ ಕುಗ್ಗಲು ಹೊರಟಾಗ ಸ್ಕ್ರೂ ಬಿಡದಿದ್ದರೆ ಸೀಳದೆ ಇನ್ನೇನು ಮಾಡೀತು?

ಕೊಟ್ಟ ಮೇಜುಗಳನ್ನು ವಾಪಸ್ ಹೊತ್ತು ತರಬೇಡ. ಅಂಟು ಇರುವಲ್ಲಿ ತೆಳು ಗರಗಸದ ಅಲಗು ತೂರಿಸಿ ಬಿಡಿಸು. ನಡುವಿನ ಸ್ಕ್ರೂ ಹಾಗೇ ಇರಲಿ. ಅಂಚಿನವನ್ನು ಬಿಚ್ಚಿ, ಚೌಕಟ್ಟಿನ ತೂತನ್ನು ಹಲಗೆಯ ಅಗಲದ ಕಡೆಗೆ ಉದ್ದ ಮಾಡು. ವಾಷರ್ ಹಾಕಿ ತಿರುಗಿಸು. ಹಲಗೆ ಅಲುಗಾಡಬಾರದು, ಆದರೆ ಸರಿಯಬೇಕು, ಅಷ್ಟೇ ಬಿಗಿ ಸಾಕು. ಬೇಸಿಗೆಯ ಸೀಳಿಗೆ ಪುಟ್ಟಿ ತುಂಬುವ ಆತುರ ಬೇಡ. ಮಳೆಗೆ ಹಲಗೆ ಹಿಗ್ಗಿದರೆ ಆ ಪುಟ್ಟಿ ಜಾಗವಿಲ್ಲದೆ ಮೇಲೆದ್ದು ಬರುತ್ತದೆ.

ಬಾಗಿಲಿನ ಪ್ಯಾನೆಲ್‌ಗೂ ಹೀಗೆಯೇ, ಅದು ಕೂರುವ ಚೌಕಟ್ಟಿನ ಗ್ರೂವ್‌ನೊಳಗೆ ಅಂಟು ಬೇಡ. ಕೂರಿಸುವ ಮೊದಲೇ ಪ್ಯಾನೆಲ್‌ಗೆ ಪಾಲಿಶ್ ಹೊಡೆ. ಇಲ್ಲದಿದ್ದರೆ ಬೇಸಿಗೆಯಲ್ಲಿ ಕುಗ್ಗಿ, ಅಂಚಿನಲ್ಲಿ ಬಣ್ಣ ಕಾಣದ ಬಿಳಿ ಗೆರೆಯೊಂದು ಇಣುಕುತ್ತದೆ. ತೋಟದ ಸಿಲ್ವರ್ ಓಕ್ ಅಂತೂ ಪೂರ್ತಿ ಒಣಗದೆ ಮುಟ್ಟಲೇಬೇಡ. ಕಡಿದ ವಾರಕ್ಕೇ ಮಂಚ ಮಾಡಿಕೊಡಿ ಅನ್ನುವವರಿಗೆ ಬೇರೆ ಆಚಾರಿಯನ್ನು ತೋರಿಸು.

ಬಿರುಕು ಕಂಡು ಗಿರಾಕಿಗಳೇ ಕರೆಯಲಿ ಅಂತ ಕಾಯಬೇಡ, ನೀನೇ ಫೋನ್ ಮಾಡಿ ವಿಷಯ ಹೇಳು. ಕೂಲಿ ಕೇಳಬೇಡ. ಬಸ್ ಚಾರ್ಜ್ ಕೊಟ್ಟರೆ ತಗೋ, ಅದರಲ್ಲಿ ಸಂಕೋಚ ಏನೂ ಬೇಡ. ಮೊದಲು ಭಾಗಮಂಡಲದ ಗಿರಾಕಿಯ ಮನೆಗೆ ಹೋಗು. ಕೈಲ್‌ಪೊಳ್ದ್ ಹಬ್ಬಕ್ಕೆ ಅಲ್ಲಿ ನೆಂಟರು ತುಂಬಿಕೊಳ್ಳುತ್ತಾರೆ, ಆಮೇಲೆ ಮೇಜು ತಲೆಕೆಳಗೆ ಮಾಡಲು ಯಾರೂ ಬಿಡುವುದಿಲ್ಲ.

ನಿನ್ನ
ದೊಡ್ಡಪ್ಪ